ಸೋಪಿನ ಡಬ್ಬಿಯಂಥ ಫೋನು

ಫೆಬ್ರವರಿ 4, ಮಂಗಳವಾರ

ಇವತ್ತಿನಿಂದ ಡೈರಿ ಬರೆಯುತ್ತೇನೆ. ಇದಕ್ಕೆ ಕಾರಣ ನನ್ನ ಹೆಂಡತಿ. ಊಟಕ್ಕೆ ಕೂತು ನಾನಿನ್ನೂ ಮಾತು ಶುರು ಮಾಡಿರಲಿಲ್ಲ, ಅಷ್ಟರಲ್ಲೇ ಯಾರೋ ಕೊಟ್ಟಿದ್ದ ಡೈರಿಯೊಂದನ್ನು ತಂದು ತಟ್ಟೆಯ ಪಕ್ಕ ಇಟ್ಟಳು. "ನನ್ನ ಕಿವಿಗೆ ಸ್ವಲ್ಪ ರಜಾ ಕೊಡಿ. ಇದರಲ್ಲಿ ಬರ್ಕೊಳ್ಳಿ. ಇದು ಮಧ್ಯದಲ್ಲಿ ಎದ್ದು ಹೋಗಲ್ಲ" ಅಂದಳು.

ಆಗಲಿ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನು. ಆ ಏಳರ ಮುಂದೆ ಈಗಿನ ಡಿಗ್ರಿಗಳು ನಿಲ್ಲುವುದಿಲ್ಲ. ಈ ಪೇಟೆಯಲ್ಲಿ ನನ್ನಂತೆ ಸೋಫಾ ಹೊದಿಸುವವರು, ಗಾಡಿ ಸೀಟು ಹೊಲಿಯುವವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಅಂಗಡಿ ಸಾಲಿನಲ್ಲಿ ಯಾರನ್ನಾದರೂ ಕೇಳಬಹುದು. ಯಾರೂ ಕೇಳುವುದಿಲ್ಲ, ಅದೇ ಬೇಸರ.

ಇವತ್ತಿನ ಸುದ್ದಿ ದೊಡ್ಡದು. ಅಕ್ಕನ ಮಗಳು ಅಂಗಡಿಗೆ ಬಂದಿದ್ದಳು. ಅವಳು ಫೋನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಇದ್ದಾಳೆ. ಫೋನಿನ ಒಳಗಿನದಲ್ಲ, ಹೊರ ಮೈ ಬಿಡಿಸುವ ಕೆಲಸ. ಒಂದು ಲೆಕ್ಕಕ್ಕೆ ನನ್ನದೇ ಕಸುಬು, ವಂಶದಲ್ಲಿ ಹರಿದು ಬಂದಿದೆ.

"ಮಾವ, ಹೊಸ ಫೋನೊಂದು ಮಾಡ್ತಾ ಇದೀವಿ. ನಿಮ್ಮ ವಯಸ್ಸಿನೋರು ಬಳಸೋಕೆ ಅಂತಾನೇ. ಅಂಗಡಿ ಸಾಲಿಂದ ಒಂದಷ್ಟು ಜನಾನ ಕರ್ಕೊಂಡು ಬನ್ನಿ, ಅತ್ತೇನೂ ಬರಲಿ. ಎರಡು ಮಾದರಿ ತೋರಿಸ್ತೀವಿ, ಅನಿಸಿದ್ದು ಹೇಳಿದ್ರೆ ಸಾಕು."

"ಅದರಲ್ಲಿ ನಿನ್ನದು ಯಾವುದು?"

"ಅದು ಹೇಳೋ ಹಾಗಿಲ್ಲ. ಹೇಳಿದ್ರೆ ನೀವು ಅದನ್ನೇ ಹೊಗಳ್ತೀರ."

"ನಾನಾ? ನನ್ನ ಬಾಯಲ್ಲಿ ಸುಳ್ಳು ಬರುತ್ತಾ?"

"ಸುಳ್ಳು ಬರಲ್ಲ ಮಾವ. ಜಾಸ್ತಿ ಬರುತ್ತೆ."

ಒಟ್ಟಿನಲ್ಲಿ ಆ ಕಂಪನಿಗೆ ನನ್ನ ಸಲಹೆ ಬೇಕಾಗಿದೆ. ಸಂಜೆಯೊಳಗೆ ಇಡೀ ಸಾಲಿಗೆ ಹೇಳಿ ಮುಗಿಸಿದೆ.

ಫೆಬ್ರವರಿ 6, ಗುರುವಾರ

ತಲೆ ಚಿಟ್ಟು ಹಿಡಿದಿದೆ. ಫೋನು ಹೇಗಿರಬೇಕು ಎಂದು ಕೇಳಿದ್ದೇ ತಪ್ಪಾಯಿತು, ಎಲ್ಲರ ಬಾಯಿಯೂ ಬಿಚ್ಚಿಕೊಂಡಿತು. ಲಾರಿಯವನು ಸೀಟು ರಿಪೇರಿಗೆ ಬಂದಿದ್ದ. ಅವನಿಗೆ ವಾರಗಟ್ಟಲೆ ಚಾರ್ಜು ನಿಲ್ಲಬೇಕಂತೆ, ಜೇಬಿನಲ್ಲಿ ಮಾತ್ರ ಭಾರ ಅನ್ನಿಸಬಾರದಂತೆ. ಪಕ್ಕದ ಬೀಗ ರಿಪೇರಿಯವನಿಗೆ ಲಾರಿಯ ಹೆಡ್‌ಲೈಟಿನಂಥ ಟಾರ್ಚು ಬೇಕು. ನಿವೃತ್ತ ಲೆಕ್ಕದ ಮೇಷ್ಟ್ರಿಗೆ ಅಕ್ಷರ ದೊಡ್ಡದಾಗಬೇಕು, ಆದರೆ ಫೋನು ಚಿಕ್ಕದಾಗಬೇಕು. ನಾನು ಕೇಳಿಯೇಬಿಟ್ಟೆ, "ಮೇಷ್ಟ್ರೇ, ಆ ಅಕ್ಷರಗಳು ಎಲ್ಲಿ ಕೂರಬೇಕು, ನಿಮ್ಮ ತೊಡೆ ಮೇಲಾ?"

ಸೋಫಾ ಮಾಡಿಸುವವರೂ ಹೀಗೆಯೇ. ಮನೆಮಂದಿಯೆಲ್ಲ ಕೂರುವಂತಿರಬೇಕು, ಇಕ್ಕಟ್ಟಿನ ಬಾಗಿಲಲ್ಲಿ ಸಲೀಸಾಗಿ ತೂರಬೇಕು. ಕಟ್ಟಿಗೆಗೂ ಬಟ್ಟೆಗೂ ಒಂದು ಮಿತಿ ಇದೆ ಎಂಬ ಪರಿವೆಯೇ ಇಲ್ಲ.

ನನ್ನ ಆಸೆ ಅವರಷ್ಟು ಅತಿಯದಲ್ಲ. ಒಳ್ಳೆಯ ಕ್ಯಾಮೆರಾ ಬೇಕು, ಅಷ್ಟೇ. ನಾನು ಹೊಲಿದ ಸೀಟಿನ ಒಂದೊಂದು ಹೊಲಿಗೆಯೂ ಫೋಟೋದಲ್ಲಿ ಎಣಿಸುವಂತೆ ಕಾಣಬೇಕು. ಹೊಸ ಫೋನಿನ ಕ್ಯಾಮೆರಾ ನನ್ನ ಶಿಫಾರಸಿನ ಮೇಲೆಯೇ ಬರಲಿದೆ ಎಂದು ಸಾಲಿನಲ್ಲಿ ಹೇಳಿಟ್ಟಿದ್ದೇನೆ.

ಮಧ್ಯಾಹ್ನ ಊಟ ಮತ್ತೆ ತಡ. ಹೆಂಡತಿ ಅಡುಗೆಮನೆಯ ಗೋಡೆಗೆ ಅಂಟಿಕೊಂಡು ನಿಂತು ತಂಗಿಯ ಜೊತೆ ಫೋನಿನಲ್ಲಿದ್ದಳು. ಆ ತಂಗಿ ಸೊಂಟದ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಾಳೆ, ದೂರದ ಊರು, ದಿನಾ ಮಾತಾಡಬೇಕು, ಅದೆಲ್ಲ ಸರಿ. ಆದರೆ ನಡುಮನೆಯಲ್ಲಿ ನಾನು ಕೈಯಾರೆ ಮಾಡಿದ ಸೋಫಾ ಇರುವಾಗ ಈ ಮಹಾರಾಯಿತಿ ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ಏಕೆ ನಿಲ್ಲುತ್ತಾಳೋ. ಕಲಾವಿದನಿಗೆ ಮನೆಯಲ್ಲೇ ಅವಮಾನ.

ಫೆಬ್ರವರಿ 8, ಶನಿವಾರ

ಇವತ್ತು ಕಂಪನಿಗೆ ಹೋಗಿ ಜಯಿಸಿಕೊಂಡು ಬಂದೆವು.

ಗಾಜಿನ ಕೋಣೆ, ಉದ್ದನೆಯ ಮೇಜು. ಕಂಪನಿಯ ಯಜಮಾನ ನನಗಿಂತ ಚಿಕ್ಕವನು, ಕಡ್ಡಿಯಂತಿದ್ದಾನೆ, ಕನ್ನಡಕವೂ ಕಡ್ಡಿ, ಕೈಯಲ್ಲಿರುವ ಕಂಪ್ಯೂಟರೂ ರಟ್ಟಿನಷ್ಟೇ ದಪ್ಪ. ಮನಸ್ಸಿನಲ್ಲೇ ತೆಳ್ಳಪ್ಪ ಎಂದು ಹೆಸರಿಟ್ಟೆ. ಮೇಜಿನ ಮೇಲೆ ಎರಡು ಮಾದರಿ. ಒಳಗೆ ಏನೂ ಇಲ್ಲದ ಬರೀ ಮೈಗಳು. ಒಂದು ತೆಳ್ಳಗೆ, ಹಿಂಬದಿ ಗಾಜು, ಅಂಚು ರೇಷ್ಮೆಯ ಹಾಗೆ ಜಾರುತ್ತದೆ. ಇನ್ನೊಂದು ದಪ್ಪಗೆ, ಹಿಂದೆ ಒಂದು ಗೀರು ಕಾಣುತ್ತದೆ, ಉಗುರು ಹಾಕಿ ಎತ್ತಿದರೆ ಮುಚ್ಚಳ ಕಳಚಿಕೊಳ್ಳುತ್ತದೆ. ಬ್ಯಾಟರಿ ಹಳತಾದರೆ ನಾವೇ ತೆಗೆದು ಹೊಸದು ಹಾಕಬಹುದಂತೆ.

ತೆಳ್ಳಪ್ಪ ಕೇಳಿದ, "ಯಾರು ಮೊದಲು ಹೇಳ್ತೀರಿ?"

ಇಂಥ ಪ್ರಶ್ನೆಗೆ ನಾನು ಸುಮ್ಮನೆ ಕೂರಲು ಸಾಧ್ಯವೇ? ದಪ್ಪನೆಯದನ್ನು ಎತ್ತಿ ಕಿವಿಗೆ ಹಿಡಿದು, "ಇದೇನು ಸ್ವಾಮಿ, ಸೋಪಿನ ಡಬ್ಬಿ? ಇದರಲ್ಲಿ ಮಾತಾಡಬೇಕೋ, ಸ್ನಾನಕ್ಕೆ ಹೋಗಬೇಕೋ?" ಅಂದೆ. ಕೋಣೆಯೇ ನಕ್ಕಿತು. ತೆಳ್ಳಪ್ಪನಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ತೆಳ್ಳನೆಯದನ್ನು ಜೇಬಿಗೆ ಇಳಿಸಿ, "ಫೋನು ಅಂದ್ರೆ ಇದು. ಇದ್ದರೂ ಇಲ್ಲದ ಹಾಗಿರಬೇಕು. ಕ್ಯಾಮೆರಾ ಮಾತ್ರ ದೊಡ್ಡದಿರಬೇಕು, ಅದೇ ಮುಖ್ಯ" ಅಂದೆ. ಆಮೇಲೆ ಕೈ ಎತ್ತಲು ಹೇಳಿದರು. ಲಾರಿಯವನು, ಬೀಗದವನು, ಮೇಷ್ಟ್ರು, ಹೆಂಡತಿ, ಬಂದಿದ್ದವರೆಲ್ಲ ಒಮ್ಮೆಲೇ ತೆಳ್ಳನೆಯದಕ್ಕೆ ಎತ್ತಿದರು. ಇದಕ್ಕೆ ನಾಯಕತ್ವ ಅನ್ನುತ್ತಾರೆ.

ಅಕ್ಕನ ಮಗಳು ಮೂಲೆಯಲ್ಲಿ ಕೂತಿದ್ದಳು. ನಗಲಿಲ್ಲ. ಕೆಲಸ ಜಾಸ್ತಿ ಇರಬೇಕು, ಪಾಪ.

ಫೆಬ್ರವರಿ 9, ಭಾನುವಾರ

ಅಕ್ಕ ಫೋನು ಮಾಡಿದ್ದಳು. ನನಗಲ್ಲ, ಹೆಂಡತಿಗೆ. ಅದರಲ್ಲೇ ಗೊತ್ತಾಗಬೇಕಿತ್ತು.

ಆ ದಪ್ಪ ಫೋನು ಅಕ್ಕನ ಮಗಳದಂತೆ. ಎರಡು ವರ್ಷ ಅದರ ಹಿಂದೆ ಬಿದ್ದಿದ್ದಳಂತೆ. ತೆಳ್ಳನೆಯದು ತೆಳ್ಳಪ್ಪನದೇ ಕಲ್ಪನೆ. ಕಂಪನಿಯ ದುಡ್ಡಿಗೆ ಒಂದು ಫೋನಿಗೆ ಮಾತ್ರ ಅಚ್ಚು ಮಾಡಿಸಲು ಸಾಧ್ಯ, ತಿಂಗಳು ಕಳೆದರೆ ಅಚ್ಚಿಗೆ ಹೋಗುತ್ತದೆ. ನಿನ್ನೆಯ ಸಭೆಯಾದ ಮೇಲೆ ಕಂಪನಿಯಲ್ಲಿ ಎಲ್ಲರೂ ಅವಳ ಫೋನನ್ನು ಸೋಪಿನ ಡಬ್ಬಿ ಎಂದೇ ಕರೆಯುತ್ತಿದ್ದಾರಂತೆ. ತೆಳ್ಳನೆಯದೇ ಗಟ್ಟಿಯಾದರೆ ಇವಳನ್ನು ಅಲ್ಲಿಂದ ಎತ್ತಿ ಫೋನು ಬರುವ ರಟ್ಟಿನ ಪೆಟ್ಟಿಗೆಯ ಮೇಲಿನ ಚಿತ್ರ ಬಿಡಿಸಲು ಹಾಕುತ್ತಾರಂತೆ.

"ಪೆಟ್ಟಿಗೆ ಚಿತ್ರ" ಎಂದು ಹೆಂಡತಿ ಎರಡು ಸಲ ಹೇಳಿದಳು, ನನಗೆ ಒಂದು ಸಲಕ್ಕೆ ಕೇಳಿಸುವುದಿಲ್ಲ ಎಂಬಂತೆ.

ನನ್ನದೇನು ತಪ್ಪು? ಅನಿಸಿದ್ದು ಹೇಳಿ ಅಂದರು, ಹೇಳಿದೆ. ಮೊದಲೇ ಒಂದು ಕಣ್ಸನ್ನೆ ಮಾಡಿದ್ದರೆ ಆ ಸೋಪಿನ ಡಬ್ಬಿಯನ್ನು ನಾನು ಬಂಗಾರದ ಭರಣಿ ಮಾಡಿಬಿಡುತ್ತಿದ್ದೆ. ಈಗಿನ ಮಕ್ಕಳಿಗೆ ಪ್ರಾಮಾಣಿಕತೆಯ ಹುಚ್ಚು. ಸಂಬಂಧಿಕರು ಇರುವುದು ಯಾತಕ್ಕೆ?

ಊಟ ಸೇರಲಿಲ್ಲ. ಸೆಖೆ.

ಫೆಬ್ರವರಿ 12, ಬುಧವಾರ

ಕಂಪನಿಗೆ ಹೋಗಿ ಬಂದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ತೆಳ್ಳಪ್ಪನ ಎದುರು ಕೂತು ಹೇಳಿದೆ, "ನೋಡಿ ಸ್ವಾಮಿ, ಮನಸ್ಸು ಬದಲಾಯಿಸಿದೀನಿ. ಸೋಪಿನ ಡಬ್ಬಿನೇ ಒಳ್ಳೇದು."

"ಯಾಕೆ ಬದಲಾಯ್ತು?"

ಕಾರಣ ಯೋಚಿಸಿಕೊಂಡು ಹೋಗಿರಲಿಲ್ಲ. ಬಾಯಿ ತನ್ನ ಪಾಡಿಗೆ ಹೇಳಿಬಿಟ್ಟಿತು, "ಅದನ್ನ ಮಾಡಿರೋದು ನಮ್ಮ ಹುಡುಗಿ ಅಲ್ವಾ?"

ಅವನು ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದು. ಪೆನ್ನು ಕೆಳಗಿಟ್ಟು ಮೆತ್ತಗೆ ಹೇಳಿದ, "ನಿಮಗೆ ಸಂಬಂಧ ಅಂತ ಅವಳು ಮೊದಲೇ ಹೇಳಿದ್ಲು. ಆದರೂ ನಿಮ್ಮನ್ನ ಕರೆದ್ವಿ. ಈಗ ನೀವು ಹೀಗಂದ್ರೆ ನಿಮ್ಮ ಮೊದಲಿನ ಮಾತೇ ನಿಜವಾದದ್ದು ಅಂತ ನಾನು ತಿಳ್ಕೋಬೇಕಾಗುತ್ತೆ."

ಕಾಫಿ ಕೊಟ್ಟರು. ಬಿಸಿ ಇರಲಿಲ್ಲ.

ಫೆಬ್ರವರಿ 13, ಗುರುವಾರ

ಅಕ್ಕನ ಮಗಳು ಫೋನು ಮಾಡಿ ಹೇಳಿದ್ದು ಇಷ್ಟೇ. "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನು ಸಹಾಯ ಮಾಡ್ಬೇಡಿ."

ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿಸಿದ್ದಕ್ಕೆ ಇದು ಬಹುಮಾನ.

ಫೆಬ್ರವರಿ 15, ಶನಿವಾರ

ಒಬ್ಬಾಕೆ ಸೋಫಾದ ದಿಂಬುಗಳಿಗೆ ಕವರು ಹೊಲಿಸಲು ಬಂದಿದ್ದರು. ಜಿಪ್ಪು ಬೇಡವಂತೆ, ಗೆರೆ ಕಾಣುತ್ತದೆ, ನುಣುಪು ಕೆಡುತ್ತದೆ, ಸುತ್ತಲೂ ಹೊಲಿದು ಮುಚ್ಚಿಬಿಡಿ ಅಂದರು. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಅಮ್ಮಾ, ಇವತ್ತು ನುಣುಪಾಗಿ ಕಾಣುತ್ತೆ, ಒಪ್ಪಿದೆ. ನಾಳೆ ಮೊಮ್ಮಗ ಹಾಲು ಚೆಲ್ತಾನೆ, ಏನು ಮಾಡ್ತೀರಿ? ಒಳಗಿನ ಫೋಮು ಕುಸಿಯುತ್ತೆ, ಆಗೇನು ಮಾಡ್ತೀರಿ? ಇಡೀ ಕವರು ಹರಿದು ಹೊಸದು ಹೊಲಿಸ್ತೀರಾ? ಜಿಪ್ಪು ಇದ್ರೆ ಸರ್ರನೆ ಎಳೆದು, ತೆಗೆದು, ಒಗೆದು, ಒಳಗಿಂದು ಬದಲಾಯಿಸಿ ಮತ್ತೆ ಹಾಕ್ಬಹುದು. ಒಂದು ಗೆರೆ ಕಂಡ್ರೆ ಕಾಣಲಿ ಬಿಡಿ. ನುಣುಪನ್ನ ಏನು ನೆಕ್ಕೋಕಾಗುತ್ತಾ?"

ಆಕೆ ಒಪ್ಪಿ ಮುಂಗಡ ಕೊಟ್ಟು ಹೋದರು. ಲಾರಿಯವನು ತನ್ನ ಸೀಟಿಗಾಗಿ ಕಾಯುತ್ತಾ ಫೋಮಿನ ಮೂಟೆಯ ಮೇಲೆ ಬಿದ್ದುಕೊಂಡಿದ್ದ. ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

"ಏನೋ ನಿನ್ನ ಹಲ್ಲು?" ಅಂದೆ.

"ಏನಿಲ್ಲಣ್ಣ. ಆ ಕಂಪನಿಯಲ್ಲಿ ಈ ಭಾಷಣ ಮಾಡಿದ್ದಿದ್ರೆ ಚೆನ್ನಾಗಿರ್ತಿತ್ತು."

"ಫೋನಿಗೂ ಸೋಫಾಕ್ಕೂ ಏನೋ ಸಂಬಂಧ?"

"ಅದೂ ಸರಿ. ಯಾರೇ ಸೀಟು ಹೊಲಿಸೋಕೆ ಬಂದ್ರೂ ಕೂತು ನೋಡಿ ಹೇಳಿ ಅಂತೀಯ. ಫೋನನ್ನ ಮಾತ್ರ ಜೇಬಲ್ಲಿ ಇಳಿಬಿಟ್ಟು ಗಾಜಿನ ಗೋಡೇಲಿ ಚೆಂದ ನೋಡ್ಕೊಂಡೆ."

ಕೈಯಲ್ಲಿದ್ದ ಕತ್ತರಿ ಅಳತೆ ತಪ್ಪಿ ರೆಕ್ಸಿನ್ ಒಂದು ಗೇಣು ಹಾಳಾಯಿತು. ಇವನು ಹರಟೆ ಹೊಡೆಯುತ್ತಾ ಕೂತರೆ ಇನ್ನೇನಾಗುತ್ತದೆ.

ಫೆಬ್ರವರಿ 18, ಮಂಗಳವಾರ

ಉಪಾಯ ಹೊಳೆಯಿತು. ಎಲ್ಲರನ್ನೂ ಮತ್ತೆ ಕಂಪನಿಗೆ ಕರೆದುಕೊಂಡು ಹೋಗುವುದು, ಈ ಸಲ ಎಲ್ಲರೂ ದಪ್ಪನೆಯದಕ್ಕೆ ಕೈ ಎತ್ತುವುದು. ಸಂಜೆ ಅಂಗಡಿಯಲ್ಲಿ ತಾಲೀಮು ಇಟ್ಟೆ.

ಬೀಗದವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಆಯ್ತಣ್ಣ, ಎತ್ತೋಣ. ಹೋದ ಸಲಾನೂ ನೀನು ಹೇಳಿದ್ದಕ್ಕೆ ತಾನೇ ಎತ್ತಿದ್ದು" ಅಂದ.

"ಅಂದ್ರೆ? ನಿನಗೆ ತೆಳ್ಳಂದು ಇಷ್ಟ ಆಗಿರ್ಲಿಲ್ವಾ?"

"ನಾನು ಎರಡನ್ನೂ ಮುಟ್ಟೇ ಇಲ್ಲ. ನೀನು ಬಿಡಲೇ ಇಲ್ವಲ್ಲ."

ಮೇಷ್ಟ್ರ ಕಡೆ ತಿರುಗಿದೆ. ಅವರು ಛತ್ರಿಯ ಹಿಡಿ ನೋಡುತ್ತಾ, "ಎಲ್ಲರ ಮುಂದೆ ನಿಮ್ಮ ಮಾತು ತೆಗೆದುಹಾಕೋದು ಚೆನ್ನಾಗಿರಲ್ಲ ಅಂತ…" ಎಂದು ಅಲ್ಲಿಗೇ ನಿಲ್ಲಿಸಿದರು.

ಎಂಥ ಜನ. ಸ್ವಂತ ಬುದ್ಧಿ ಬೇಡವೇ? ಕುರಿಗಳನ್ನು ಕಟ್ಟಿಕೊಂಡು ಹೋಗಿದ್ದೆನೇ ನಾನು?

ಮನೆಗೆ ಬಂದು ಹೆಂಡತಿಯ ಮುಂದೆ ಇದನ್ನೇ ಕೂಗಾಡಿದೆ. ಅವಳು ಮತ್ತೆ ಅದೇ ಗೋಡೆಯ ಪಕ್ಕ ನಿಂತಿದ್ದಳು, ತಂಗಿಯ ಜೊತೆ ಮಾತು ಅರ್ಧದಲ್ಲೇ ಕಡಿದುಹೋಗಿತ್ತು. ಫೋನಿನ ಕತ್ತಿನಲ್ಲಿ ಚಾರ್ಜರು ನೇತಾಡುತ್ತಿತ್ತು. ಆಗ ನೋಡಿದೆ. ಅವಳ ಫೋನಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ವೈರು ಕಳಚಿದ ಕೂಡಲೇ ಆರಿಹೋಗುತ್ತದೆ. ಆ ವೈರು ಮೊಳದುದ್ದವೂ ಇಲ್ಲ, ಪ್ಲಗ್ಗು ಇರುವುದು ಅಲ್ಲೊಂದೇ.

"ರಿಪೇರಿ ಯಾಕೆ ಮಾಡಿಸಿಲ್ಲ?" ಅಂದೆ.

"ಕೇಳಿದೆ. ಹಿಂದಿನ ಗಾಜು ಅಂಟು ಹಾಕಿ ಮುಚ್ಚಿದಾರಂತೆ, ತೆಗೆದ್ರೆ ಒಡೆಯುತ್ತಂತೆ, ಹೊಸ ಫೋನೇ ತಗೊಳ್ಳಿ ಅಂದ್ರು."

"ಮತ್ತೆ ತೆಳ್ಳಂದಕ್ಕೆ ಯಾಕೆ ಕೈ ಎತ್ತಿದೆ?"

"ಅಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ತೆಗೀಲಾ?"

"ಹಾಗಾದ್ರೆ ನಿನಗೆ ದಪ್ಪಂದೇ ಬೇಕಿತ್ತಾ? ಹೇಳು, ನಾಳೆನೇ ಹೋಗಿ ಆ ತೆಳ್ಳಪ್ಪನಿಗೆ ಹೇಳ್ತೀನಿ."

"ನಾನು ಹೇಳಲ್ಲ."

"ಯಾಕೆ?"

"ನಿಮಗೆ ಹೇಳಿದ್ರೆ ಅದು ನಿಮ್ಮ ಮಾತಾಗಿಬಿಡುತ್ತೆ."

ಇದಕ್ಕೆ ಉತ್ತರ ಕೊಡುವಷ್ಟರಲ್ಲಿ ಅವಳ ಫೋನು ಮತ್ತೆ ಹತ್ತಿಕೊಂಡಿತ್ತು, ತಂಗಿ ತಿರುಗಿ ಕರೆ ಮಾಡಿ ಹಲೋ ಹಲೋ ಅನ್ನುತ್ತಿದ್ದಳು.

ಫೆಬ್ರವರಿ 19, ಬುಧವಾರ

ಅಂಗಡಿಯಲ್ಲಿ ಒಂದಿಷ್ಟು ಫೋಮು ಉಳಿದಿತ್ತು, ಬಿಸಾಡಿದರೆ ದಂಡ. ಎತ್ತರದ ಸ್ಟೂಲೊಂದಕ್ಕೆ ಮೆತ್ತೆ ಹಾಕಿ ಅಡುಗೆಮನೆಯ ಪ್ಲಗ್ಗಿನ ಪಕ್ಕ ಇಟ್ಟೆ. ಅಂಗಡಿಯಲ್ಲಿ ಜಾಗವಿಲ್ಲ ಎಂದು ಹೇಳಿದ್ದೇನೆ.

ಅಕ್ಕನ ಮಗಳಿಗೆ ಫೋನು ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ತೆಗೆದಳು.

"ಸಹಾಯ ಅಲ್ಲಮ್ಮ ಇದು, ಫೋನ್ ಇಡ್ಬೇಡ. ಅವತ್ತು ಎದ್ದ ಕೈಗಳು ಅವರದಲ್ಲ, ಎಲ್ಲಾ ನನ್ನದೇ. ಅಷ್ಟನ್ನ ನಿಮ್ಮ ಯಜಮಾನನಿಗೆ ಹೇಳು. ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳ್ಲಿ. ಕೇಳೋಕೆ ಮುಂಚೆ ಎರಡನ್ನೂ ಒಂದು ವಾರ ಅವರ ಜೇಬಲ್ಲಿ ಇಡ್ಲಿ. ನನ್ನನ್ನ ಹೊರಗೆ ಕೂರಿಸಿ ಬಾಗಿಲು ಹಾಕ್ಲಿ."

"ನೀವು ಹೊರಗೆ ಕೂರ್ತೀರಾ ಮಾವ?"

"ಕೂರೋದೇ ನನ್ನ ಕಸುಬಲ್ವೇನೆ" ಅಂದೆ.

ಮಾರ್ಚ್ 1, ಶನಿವಾರ

ಹೊರಗೆ ಕೂತೆ.

ಆ ಕಂಪನಿಯ ಸೋಫಾ ಬಗ್ಗೆ ಮೊದಲು ಬರೆಯಬೇಕು. ನೋಡಲು ಠೀವಿ, ಕೂತರೆ ಕೆಳಗಿನ ಹಲಗೆ ಕುಂಡಿಗೆ ತಾಗುತ್ತದೆ. ಒಳಗಿರುವುದು ಕಳಪೆ ಫೋಮು, ಅಂಚಿನ ಹೊಲಿಗೆ ಸೊಟ್ಟ. ಇಂಥದ್ದರ ಮೇಲೆ ಕೂತು ಕಾಯುವುದೇ ಒಂದು ಶಿಕ್ಷೆ, ಅದರ ಮೇಲೆ ಬಾಯಿ ಬೇರೆ ಮುಚ್ಚಿಕೊಂಡಿರಬೇಕು.

ಮಾದರಿಗಳನ್ನು ವಾರವಿಡೀ ಎಲ್ಲರ ಬಳಿ ಬಿಟ್ಟಿದ್ದರು. ಒಳಗೆ ಫೋನಿನಷ್ಟೇ ತೂಕ ತುಂಬಿದ್ದರಂತೆ. ಸಾಲಿನಲ್ಲಿ ಯಾರು ಯಾವುದನ್ನು ಮೆಚ್ಚಿದರು ಎಂದು ನಾನು ಕೇಳಲಿಲ್ಲ. ಕೇಳಿಬಿಟ್ಟೇನು ಎಂದು ಸಂಜೆಯ ಚಹಾಕ್ಕೂ ಅವರ ಜೊತೆ ಹೋಗಲಿಲ್ಲ.

ಮೊದಲು ಬೀಗದವನು ಹೋದ. ಹೊರಗೆ ಬಂದು ನನ್ನ ಮುಖ ನೋಡಿ, "ಕೇಳ್ಬೇಡಣ್ಣ. ನಾನು ತೆಳ್ಳಂದೇ ಅಂದೆ. ಕೀಲಿ ಗೊಂಚಲಿನ ಜೊತೆ ಅದೊಂದೇ ಹಿಡಿಸೋದು" ಅಂದ. ನಾನು ಕೇಳಿಯೇ ಇರಲಿಲ್ಲ. ಕತ್ತು ಹಿಸುಕಬೇಕು ಅನ್ನಿಸಿತು. ಆಮೇಲೆ ಅವನ ಗೊಂಚಲು ನೋಡಿದೆ. ಅದರ ಭಾರಕ್ಕೆ ಪ್ಯಾಂಟೇ ಜಾರುತ್ತಿತ್ತು. ಹೋಗಲಿ.

ಲಾರಿಯವನು ಸಿಳ್ಳೆ ಹಾಕುತ್ತಾ ಬಂದವನು ಹಾಗೇ ಮೆಟ್ಟಿಲಿಳಿದ. ಮೇಷ್ಟ್ರು ಬಹಳ ಹೊತ್ತು ಒಳಗಿದ್ದರು, ಲೆಕ್ಕ ಬಿಡಿಸುತ್ತಿದ್ದರೋ ಏನೋ. ಹೆಂಡತಿ ಹೋದಳು. ಗಾಜಿನ ಆಚೆ ಅವಳ ಬೆನ್ನು ಕಾಣುತ್ತಿತ್ತು. ಅವಳು ಕೈ ಆಡಿಸುತ್ತಾ ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಹೊರಗೆ ಬಂದವಳು ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕೂತು, "ಈ ಸೋಫಾ ಸರಿ ಇಲ್ಲ, ಅಲ್ವಾ?" ಅಂದಳು. ಅಷ್ಟೇ.

ಕೊನೆಗೆ ನಾನು. ತೆಳ್ಳಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ. ಹಿಂಬದಿ ತೆರೆಯುವ ಹಾಗಿದ್ದರೆ ನೀರಿಗೆ ಬಿದ್ದ ಫೋನು ಉಳಿಯುವ ಭರವಸೆ ಇಲ್ಲ. ಬ್ಯಾಟರಿಗೆ ಸುತ್ತಲೂ ಗೋಡೆ ಕಟ್ಟಬೇಕು, ಅದು ಜಾಗ ತಿನ್ನುತ್ತದೆ, ಆಗ ದೊಡ್ಡ ಕ್ಯಾಮೆರಾ ಕೂರುವುದಿಲ್ಲ, ಸಾಧಾರಣದ್ದು ಹಾಕಬೇಕು. "ಹೋದ ಸಲ ನಿಮಗೆ ಕ್ಯಾಮೆರಾನೇ ಮುಖ್ಯ ಅಂದಿದ್ರಿ. ಈಗ ಏನಂತೀರಿ?" ಅಂದ.

ಹೇಳಲು ಬೇಕಾದಷ್ಟಿತ್ತು. ಜಿಪ್ಪಿನ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ. ಎದುರಿಗೆ ಅಕ್ಕನ ಮಗಳು ನೆಲ ನೋಡುತ್ತಾ ಕೂತಿದ್ದಳು, ನಾನು ಯಾವಾಗ ಶುರು ಮಾಡುತ್ತೇನೋ ಎಂದು ಹೆದರಿದವಳಂತೆ.

"ದಪ್ಪಂದು. ಕ್ಯಾಮೆರಾ ಹೋದ್ರೆ ಹೋಗ್ಲಿ" ಅಂದು ಎದ್ದು ಬಂದೆ.

ಲಾರಿಯವನ ಸೀಟು ಅರ್ಧಕ್ಕೆ ನಿಂತಿತ್ತು, ಹಾಗಾಗಿ ಜಾಸ್ತಿ ಹೇಳುತ್ತಾ ಕೂರಲಿಲ್ಲ.

ಮಾರ್ಚ್ 5, ಬುಧವಾರ

ಕಂಪನಿಯಿಂದ ಸುದ್ದಿ ಇಲ್ಲ. ಅಕ್ಕನಿಗೂ ಗೊತ್ತಿಲ್ಲ. ಲಾರಿಯವನ ಸೀಟು ಮುಗಿಯಿತು.

ಮಾರ್ಚ್ 8, ಶನಿವಾರ

ಇಲ್ಲ.

ಮಾರ್ಚ್ 13, ಗುರುವಾರ

ಮಧ್ಯಾಹ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತು, "ಮಾವ, ಅಚ್ಚಿಗೆ ಹೋಗೋದು ಗಟ್ಟಿಯಾಯ್ತು" ಅಂದಳು.

"ಯಾವುದು?"

"ಸೋಪಿನ ಡಬ್ಬಿ."

ನಾನು ಒಂದು ಕೈಯಲ್ಲಿ ಅಂಟಿನ ಕುಂಚ, ಇನ್ನೊಂದರಲ್ಲಿ ಸೀಟಿನ ಚೌಕಟ್ಟು ಹಿಡಿದುಕೊಂಡಿದ್ದೆ. ಏನು ಮಾಡಲೂ ಕೈ ಖಾಲಿ ಇರಲಿಲ್ಲ.

ಗೆದ್ದಿದ್ದು ಕೂದಲೆಳೆಯ ಅಂತರದಲ್ಲಂತೆ. ಬೀಗದವನ ಹಾಗೆ ತೆಳ್ಳನೆಯದನ್ನೇ ಹಿಡಿದು ಕೂತವರು ಇನ್ನೂ ಇದ್ದರಂತೆ. ಆದರೆ ತೆಳ್ಳಪ್ಪ ಬರೀ ತಲೆ ಎಣಿಸಲಿಲ್ಲ. ನೀರಿಗೆ ಬಿದ್ದರೆ ಕೆಡುತ್ತದಲ್ಲ ಎಂದು ಅವನು ಕೇಳಿದಾಗ ಹೆಂಡತಿ ಅಂದಳಂತೆ, "ನೀರಿಗೆ ಬೀಳದ ಹಾಗೆ ನಾನು ನೋಡ್ಕೋತೀನಿ. ಬ್ಯಾಟರಿ ಸಾಯದ ಹಾಗೆ ನೋಡ್ಕೊಳ್ಳೋಕೆ ನನಗೆ ಬರಲ್ಲ, ಅದನ್ನ ನೀವು ನೋಡ್ಕೊಳ್ಳಿ." ಆ ಮಾತನ್ನು ಗೋಡೆಯ ಬೋರ್ಡಿನ ಮೇಲೆ ಬರೆಸಿದ್ದಾನಂತೆ. ಹೆಸರು ಹಾಕಿಲ್ಲವಂತೆ. ಹಾಕಬೇಕಿತ್ತು.

ಕ್ಯಾಮೆರಾ ಮಾತ್ರ ಅಷ್ಟಕ್ಕಷ್ಟೇ. "ಬೆಳಕಿದ್ರೆ ಪರವಾಗಿಲ್ಲ ಮಾವ" ಅಂದಳು. ಸಾಲಿನವರಿಗೆ ಈಗ ಏನೆಂದು ಹೇಳುವುದೋ. ನನ್ನ ಶಿಫಾರಸು ಎಂದು ಊರಿಗೆಲ್ಲ ಸಾರಿದ್ದು ಅದೊಂದನ್ನೇ.

ಆಮೇಲೆ ಅವಳು ಚೀಲದಿಂದ ಒಂದು ಹಾಳೆ ತೆಗೆದು ಕೆಲಸದ ಮೇಜಿನ ಮೇಲೆ ಹರಡಿದಳು. ದೊಡ್ಡದಾಗಿ ಬರೆದ ಫೋನಿನ ಚಿತ್ರ. "ಸದ್ದು ಬರೋ ತೂತು ಎಲ್ಲಿರ್ಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಕೆಳಗಿಟ್ರೆ ಹಿಡಿದ ಕೈ ಮುಚ್ಚುತ್ತೆ, ಹಿಂದಿಟ್ರೆ ಮೇಜಿನ ಮೇಲೆ ಇಟ್ಟಾಗ ಕೇಳಲ್ಲ. ನಿಮಗೇನನಿಸುತ್ತೆ ಮಾವ?"

ಲಾರಿಯವನು, ಬೀಗದವನು ಇಬ್ಬರೂ ಅಲ್ಲೇ ಇದ್ದರು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಮನೆಗೆ ಹೋಗು. ನಿಮ್ಮತ್ತೆನ ಕೇಳು" ಅಂದೆ.

ಬೀಗದವನು ಬೀಡಿ ಕೆಳಗೆ ಬೀಳಿಸಿಕೊಂಡ. ಅಕ್ಕನ ಮಗಳು ನನ್ನ ಹಣೆ ಮುಟ್ಟಿ ನೋಡಿ, ನಗುತ್ತಾ ಮನೆಯ ಕಡೆ ಹೊರಟಳು.

ಇದರಲ್ಲಿ ವಿಶೇಷವೇನೂ ಇಲ್ಲ. ಅಂಟು ಬಳಿದು ಆಗಿತ್ತು, ಒಣಗುವುದರೊಳಗೆ ಬಟ್ಟೆ ಎಳೆದು ಕೂರಿಸಬೇಕಿತ್ತು. ಆ ಹೊತ್ತಿನಲ್ಲಿ ಮಾತಾಡುತ್ತಾ ನಿಂತರೆ ಸುಕ್ಕು ಬೀಳುತ್ತದೆ.